ಪಹಣಿಯಲ್ಲಿಲ್ಲದ ಹೆಸರು

1971ನೆಯ ಇಸವಿಯ ಮಾರ್ಚ್ ತಿಂಗಳು. ನನಗಾಗ ಹನ್ನೊಂದು ವರ್ಷ. ತುಮಕೂರು ಜಿಲ್ಲೆಯ ನಮ್ಮ ಹಳ್ಳಿಯಲ್ಲಿ ಜನಗಣತಿಯ ಲೆಕ್ಕ ಬರೆದುಕೊಳ್ಳಲು ನಮ್ಮ ಶಾಲೆಯ ಮೇಷ್ಟರೇ ಮನೆಮನೆಗೆ ಬರುತ್ತಿದ್ದರು. ನಮ್ಮ ಮನೆಯ ಜಗುಲಿಯ ಮೇಲೆ ಅವರಿಗೆ ಚಾಪೆ ಹಾಸಲಾಯಿತು. ತಾತ ಗೋಡೆಗೊರಗಿ ಕುಳಿತು ಉತ್ತರ ಹೇಳುತ್ತಿದ್ದರು. ಗಂಡಸರ ಹೆಸರು, ವಯಸ್ಸು, ಉದ್ಯೋಗ ಎಲ್ಲವೂ ಮುಗಿದ ಮೇಲೆ ಮೇಷ್ಟರು, 'ಹೆಂಗಸರು ಏನು ಮಾಡ್ತಾರೆ ಯಜಮಾನ್ರೆ?' ಎಂದು ಕೇಳಿದರು. 'ಅವರೇನು ಮಾಡ್ತಾರೆ ಮೇಷ್ಟ್ರೇ, ಮನೇಲಿರ್ತಾರೆ' ಎಂದರು ತಾತ.

ಆ ಹೊತ್ತಿಗೆ ನನ್ನ ತಾಯಿ, ಚಿಕ್ಕಮ್ಮ ಮತ್ತು ಹದಿನೈದು ವರ್ಷದ ನನ್ನ ಅಕ್ಕ ಅಂಗಳದಲ್ಲಿ ಕುಳಿತು ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸುತ್ತಿದ್ದರು. ಕುಟ್ಟುವ ಸದ್ದಿನಲ್ಲಿ ತಾತನ ಮಾತು ಸರಿಯಾಗಿ ಕೇಳಿಸದೆ ಮೇಷ್ಟರು ಮತ್ತೊಮ್ಮೆ ಕೇಳಬೇಕಾಯಿತು. ತಾತ ಮತ್ತೊಮ್ಮೆ ಅದನ್ನೇ ಹೇಳಿದರು. ಮೇಷ್ಟರು ಹಾಗೆಯೇ ಬರೆದುಕೊಂಡರು.

ಈ ಪ್ರಸಂಗದ ಅರ್ಥ ನನಗೆ ಹೊಳೆದದ್ದು ಎಷ್ಟೋ ವರ್ಷಗಳ ಮೇಲೆ, ಬೇರೊಂದು ಕೆಲಸಕ್ಕಾಗಿ ಜನಗಣತಿಯ ಕೋಷ್ಟಕಗಳನ್ನು ತಿರುವಿ ಹಾಕುತ್ತಿದ್ದಾಗ. 1961ರ ಗಣತಿಯಂತೆ ಭಾರತದಲ್ಲಿ ದುಡಿಯುವ ಹೆಂಗಸರ ಸಂಖ್ಯೆ ಸುಮಾರು 5 ಕೋಟಿ 94 ಲಕ್ಷ. 1971ರಲ್ಲಿ ಅದು ಸುಮಾರು 3 ಕೋಟಿ 13 ಲಕ್ಷ. ಈ ಹತ್ತು ವರ್ಷಗಳಲ್ಲಿ ದೇಶದ ಜನಸಂಖ್ಯೆ ಹತ್ತು ಕೋಟಿಗೂ ಮೀರಿ ಬೆಳೆದಿತ್ತು. ದುಡಿಯುವ ಹೆಂಗಸರು ಮಾತ್ರ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿದ್ದರು! ಅವರೆಲ್ಲ ಎಲ್ಲಿಗೆ ಹೋದರು? ಬಹುಮಟ್ಟಿಗೆ ಎಲ್ಲಿಗೂ ಹೋಗಿರಲಿಲ್ಲ. ಕೇಳುವ ಪ್ರಶ್ನೆ ಬದಲಾಗಿತ್ತು. 1961ರಲ್ಲಿ ಸುಗ್ಗಿಯ ಕಾಲದಲ್ಲಿ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚಾಗಿ ಕ್ರಮವಾಗಿ ದುಡಿದವರನ್ನೂ ದುಡಿಮೆಗಾರರೆಂದು ಎಣಿಸಿದ್ದರು. 1971ರಲ್ಲಿ 'ಮುಖ್ಯ ಉದ್ಯೋಗ ಯಾವುದು?' ಎಂದು ಕೇಳಿದರು. ಹೆಂಗಸಿನ ಮುಖ್ಯ ಉದ್ಯೋಗ ಮನೆಗೆಲಸವೆಂದು ಜಗುಲಿಯ ಮೇಲೆ ಕುಳಿತ ತಾತಂದಿರು ದೇಶದ ತುಂಬ ಉತ್ತರ ಕೊಟ್ಟರು. ಗಿರಣಿ, ಗಣಿ, ಕೈಕಸುಬುಗಳಲ್ಲಿ ಹೆಂಗಸರಿಗಿದ್ದ ಹಳೆಯ ಕೆಲಸಗಳು ಕೈತಪ್ಪಿದ್ದೂ ಉಂಟು, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ನಮ್ಮ ಮನೆಯ ಮಟ್ಟಿಗೆ ಹೇಳುವುದಾದರೆ, ಆ ಹುಣಸೆ ಮಾರಿದ ಹಣದಲ್ಲಿಯೇ ಆ ವರ್ಷದ ಕಂದಾಯ ಕಟ್ಟಿದ್ದು.

ಅದೇ 1971ರಲ್ಲಿ ಭಾರತ ಸರ್ಕಾರ ಸ್ತ್ರೀಯರ ಸ್ಥಾನಮಾನವನ್ನು ಕುರಿತು ಒಂದು ಸಮಿತಿಯನ್ನು ನೇಮಿಸಿತು. ಫುಲರೇಣು ಗುಹಾ ಅವರ ಅಧ್ಯಕ್ಷತೆಯ ಆ ಸಮಿತಿ 1974ರ ಕೊನೆಯಲ್ಲಿ 'ಸಮಾನತೆಯೆಡೆಗೆ' ಎಂಬ ಅರ್ಥದ ಹೆಸರಿನ ವರದಿಯನ್ನು ಒಪ್ಪಿಸಿತು. ಓದಿದವರು ಬೆಚ್ಚಿಬಿದ್ದರು. 1901ರಲ್ಲಿ ಸಾವಿರ ಗಂಡಸರಿಗೆ 972 ಹೆಂಗಸರಿದ್ದ ದೇಶದಲ್ಲಿ 1971ರ ವೇಳೆಗೆ 930 ಹೆಂಗಸರು ಉಳಿದಿದ್ದರು. ಮೊದಲನೆಯ ಪಂಚವಾರ್ಷಿಕ ಯೋಜನೆ ಆರಂಭವಾದ 1951ರಲ್ಲಿ ಈ ಸಂಖ್ಯೆ 946. ಅಣೆಕಟ್ಟುಗಳು ಎದ್ದವು, ಉಕ್ಕಿನ ಕಾರ್ಖಾನೆಗಳು ಬಂದವು. ಈ ಇಳಿತ ಮಾತ್ರ ನಿಲ್ಲಲಿಲ್ಲ. ದೇಶ ಬೆಳೆದರೆ ಹೆಣ್ಣೂ ತಾನಾಗಿಯೇ ಬೆಳೆಯುತ್ತಾಳೆಂಬ ನಂಬಿಕೆಗೆ ಬಿದ್ದ ಮೊದಲ ದೊಡ್ಡ ಪೆಟ್ಟು ಅದು.

ಅರ್ಥಶಾಸ್ತ್ರ ನನ್ನ ಶಾಸ್ತ್ರವಲ್ಲ. ಮೂವತ್ತಕ್ಕೂ ಹೆಚ್ಚು ವರ್ಷ ಕನ್ನಡ ಪಾಠ ಹೇಳಿದವನು ನಾನು. ಆದರೂ ಕೇಳುಗರ ಮುಂದೆ ಈ ವಿಷಯವನ್ನು ಎತ್ತಿಕೊಳ್ಳಲು ಕಾರಣವಿದೆ. ಜನಗಣತಿಯ ಪುಸ್ತಕ ಹತ್ತು ವರ್ಷಕ್ಕೊಮ್ಮೆ ತೆರೆಯುವ ಲೆಕ್ಕ. ನಮ್ಮ ಹಳ್ಳಿಗಳಲ್ಲಿ ದಿನದಿನವೂ ಜನರ ಬಾಳನ್ನು ನಿರ್ಧರಿಸುವ ಇನ್ನೊಂದು ಲೆಕ್ಕವಿದೆ, ಅದು ಪಹಣಿ. ಹೊಲ ಯಾರ ಹೆಸರಿನಲ್ಲಿದೆ ಎಂಬುದನ್ನು ಹೇಳುವ ಆ ಒಂದು ಹಾಳೆಯಲ್ಲಿ ಹೆಣ್ಣಿನ ಹೆಸರು ಏಕಿಲ್ಲ ಎಂಬುದರ ಚರಿತ್ರೆ ಕನ್ನಡ ನಾಡಿನಲ್ಲಿಯೇ ಆರಂಭವಾಗುತ್ತದೆ.

ಇಂಥ ಮಾತು ಬಂದಾಗಲೆಲ್ಲ ನಮ್ಮವರು ಅತ್ತಿಮಬ್ಬೆಯನ್ನು ನೆನೆಯುತ್ತಾರೆ. ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದ, ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಬರೆಯಿಸಿ ಹಂಚಿದ ಆ ಮಹಾತಾಯಿಯನ್ನು ನಾನೂ ತರಗತಿಯಲ್ಲಿ ಅಭಿಮಾನದಿಂದಲೇ ಪಾಠ ಮಾಡಿದ್ದೇನೆ. ಆದರೆ ದಂಡನಾಯಕರ ಮನೆತನದ ಒಬ್ಬಳು ದಾನ ಕೊಟ್ಟಳೆಂದು ಆ ಕಾಲದ ಒಕ್ಕಲಗಿತ್ತಿಗೂ ಹೊಲವಿತ್ತೆಂದು ತೀರ್ಮಾನಿಸುವುದು ಶಾಸನಗಳಿಗೆ ಮಾಡುವ ಅನ್ಯಾಯ. ನಾವು ನೋಡಬೇಕಾದದ್ದು ಆರನೆಯ ವಿಕ್ರಮಾದಿತ್ಯನ ಕಲ್ಯಾಣವನ್ನು.

ಹನ್ನೊಂದನೆಯ ಶತಮಾನದ ಕೊನೆ, ಹನ್ನೆರಡನೆಯ ಶತಮಾನದ ಆರಂಭದ ಆ ಕಾಲದಲ್ಲಿ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದ. ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣವೇ ಆ ಕಲ್ಯಾಣ. ಬಂಗಾಳದ ಕಡೆಯನ್ನು ಬಿಟ್ಟರೆ ಇಂಡಿಯಾದ ಬಹುಭಾಗದ ಹಿಂದೂ ಕುಟುಂಬಗಳ ಆಸ್ತಿ ಹಂಚಿಕೆ ಮುಂದೆ ಎಂಟುನೂರು ವರ್ಷ ನಿಂತದ್ದು ಈ ಗ್ರಂಥದ ಮೇಲೆ. ಮಗನಿಗೆ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದಲೇ ಹಕ್ಕು ಎಂಬುದು ಇದರ ತಿರುಳು. ಮಗಳಿಗೆ ಆ ಹಕ್ಕಿಲ್ಲ. ದಾಯವೆಂದರೆ ಹಿರಿಯರಿಂದ ಬರುವ ಸೊತ್ತು. ಅದನ್ನು ಪಡೆಯುವವನು ದಾಯಾದ. ನಮ್ಮ ಹಳ್ಳಿಯ ಮಾತಿನಲ್ಲಿ ದಾಯಾದಿಯೆಂದರೆ ಬದುವಿಗಾಗಿ ಕಾದಾಡುವ ಅಣ್ಣತಮ್ಮ. ಅಕ್ಕತಂಗಿಯರನ್ನು ದಾಯಾದಿಗಳೆಂದು ಕರೆದದ್ದನ್ನು ನಾನು ಕೇಳಿಲ್ಲ. ಕಾದಾಡಲು ಅವರಿಗೆ ಬದುವೇ ಇರಲಿಲ್ಲ.

ಇಷ್ಟು ಎಲ್ಲರಿಗೂ ಗೊತ್ತಿರುವುದೇ. ಆದರೆ ಅದೇ ವಿಜ್ಞಾನೇಶ್ವರ ಸ್ತ್ರೀಧನದ ಪ್ರಕರಣಕ್ಕೆ ಬಂದಾಗ ಒಂದು ಅನಿರೀಕ್ಷಿತವಾದ ಮಾತನ್ನು ಹೇಳುತ್ತಾನೆ. ತಂದೆ, ತಾಯಿ, ಗಂಡ, ಅಣ್ಣತಮ್ಮಂದಿರು ಪ್ರೀತಿಯಿಂದ ಕೊಟ್ಟದ್ದು, ಮದುವೆಯ ಅಗ್ನಿಸಾಕ್ಷಿಯಲ್ಲಿ ಬಂದದ್ದು ಮುಂತಾದುವನ್ನು ಸ್ಮೃತಿ ಸ್ತ್ರೀಧನವೆಂದು ಹೇಳಿತ್ತು. ಆ 'ಮುಂತಾದ' ಎಂಬ ಒಂದು ಪದವನ್ನು ಹಿಡಿದು, ವಾರಸಿನಿಂದ ಬಂದದ್ದು, ಕ್ರಯಕ್ಕೆ ಕೊಂಡದ್ದು, ವಿಭಾಗದಲ್ಲಿ ಸಿಕ್ಕಿದ್ದು ಕೂಡ ಸ್ತ್ರೀಧನವೇ ಎಂದು ಅವನು ಅರ್ಥ ಮಾಡಿದ. ಸ್ತ್ರೀಧನವೆಂದರೆ ಸ್ತ್ರೀಯ ಧನ, ಅಷ್ಟೇ. ಅದಕ್ಕೆ ಬೇರೆ ಪಾರಿಭಾಷಿಕ ಅರ್ಥವನ್ನು ಹುಡುಕಬೇಡಿ ಎಂಬುದು ಅವನ ನಿಲುವು. ಒಂದು ಸಣ್ಣ ಶಬ್ದದೊಳಗೆ ಎಷ್ಟು ದೊಡ್ಡ ಬಾಗಿಲು! ವ್ಯಾಖ್ಯಾನಕಾರನ ಕೆಲಸ ಏನೆಂದು ವಿದ್ಯಾರ್ಥಿಗಳು ಕೇಳಿದಾಗ ನಾನು ಕೊಡುತ್ತಿದ್ದ ಉದಾಹರಣೆ ಇದೇ.

ಈ ಬಾಗಿಲು ಮುಚ್ಚಿದ್ದು ನಮ್ಮ ಮಠಗಳಲ್ಲಲ್ಲ, ಲಂಡನ್ನಿನಲ್ಲಿ. 1810ರಲ್ಲಿ ಕೋಲ್‌ಬ್ರೂಕ್ ಮಿತಾಕ್ಷರೆಯ ದಾಯಭಾಗವನ್ನು ಇಂಗ್ಲಿಷಿಗೆ ತಂದ ಮೇಲೆ ಅದು ಇಂಗ್ಲಿಷ್ ನ್ಯಾಯಾಲಯಗಳ ಕೈಗೆ ಬಂದಿತು. 1867ರಲ್ಲಿ ಒಂದು ಮೊಕದ್ದಮೆಯನ್ನು ತೀರ್ಮಾನಿಸುತ್ತ ಪ್ರೀವಿ ಕೌನ್ಸಿಲ್, ಗಂಡನಿಂದ ವಿಧವೆಗೆ ವಾರಸಾಗಿ ಬಂದ ಆಸ್ತಿ ಅವಳ ಸ್ತ್ರೀಧನವಲ್ಲ ಎಂದಿತು. ಬದುಕಿರುವ ತನಕ ಅವಳು ಅದನ್ನು ಅನುಭವಿಸಬಹುದು. ತನ್ನ ಇಚ್ಛೆಯಂತೆ ಮಾರುವಂತಿಲ್ಲ, ಯಾರಿಗೂ ಕೊಡುವಂತಿಲ್ಲ. ಅವಳು ಸತ್ತ ಮೇಲೆ ಅದು ಮತ್ತೆ ಗಂಡನ ಕಡೆಯವರಿಗೆ. ಮುಂದಿನ ತೀರ್ಪುಗಳು ಇದನ್ನೇ ಬಿಗಿಗೊಳಿಸಿದವು. ಹೀಗೆ ನ್ಯಾಯಾಲಯದಲ್ಲಿ ಗಟ್ಟಿಯಾದದ್ದನ್ನು ನಾವು ಆಮೇಲೆ ಸನಾತನ ಸಂಪ್ರದಾಯವೆಂದು ಕರೆದುಕೊಂಡೆವು. ವಿಜ್ಞಾನೇಶ್ವರನನ್ನು ಸ್ತ್ರೀಸಮಾನತೆಯ ಪ್ರವಾದಿಯನ್ನಾಗಿ ಮಾಡುವ ಉದ್ದೇಶ ನನಗಿಲ್ಲ. ಅವನು ತೆರೆದಿಟ್ಟಿದ್ದ ಅಷ್ಟನ್ನೂ ಕಳೆದುಕೊಂಡು ನಾವು ಇಪ್ಪತ್ತನೆಯ ಶತಮಾನಕ್ಕೆ ಕಾಲಿಟ್ಟೆವೆಂಬುದಷ್ಟೇ ನಾನು ಹೇಳುವುದು. ಕರಾವಳಿಯ ಅಳಿಯಸಂತಾನ ಕಟ್ಟಿನ ಕಥೆ ಬೇರೆ. ಅದಕ್ಕೆ ಇನ್ನೊಂದು ಭಾಷಣವೇ ಬೇಕು.

ಕಳೆದುಕೊಂಡದ್ದರಲ್ಲಿ ಸ್ವಲ್ಪವನ್ನು ಮರಳಿ ತರುವ ಕೆಲಸಕ್ಕೆ ಮೈಸೂರು ಸಂಸ್ಥಾನ ಮೊದಲೇ ಕೈಹಾಕಿತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1933ರಲ್ಲಿ, ಹಿಂದೂ ಸ್ತ್ರೀಯರ ಹಕ್ಕುಗಳ ಕಾನೂನು ಜಾರಿಗೆ ಬಂದಿತು. ಬ್ರಿಟಿಷ್ ಇಂಡಿಯಾದಲ್ಲಿ ವಿಧವೆಗೆ ಪಾಲು ಕೊಡುವ ಕಾನೂನು ಬಂದದ್ದು 1937ರಲ್ಲಿ. ಅದೂ ಪರಿಮಿತವಾದ ಹಕ್ಕು. ಮೈಸೂರಿನ ಕಾನೂನಿನಲ್ಲಿ ತಂದೆಮಕ್ಕಳು ಪಾಲಾಗುವಾಗ ಮನೆಯ ಮದುವೆಯಾಗದ ಹೆಣ್ಣುಮಗಳಿಗೆ ಅಣ್ಣತಮ್ಮನ ಪಾಲಿನ ನಾಲ್ಕನೆಯ ಒಂದು ಭಾಗ, ತಾಯಿಗೆ ಮಗನ ಪಾಲಿನ ಅರ್ಧ. ಕಾಲು ಭಾಗ ಎಂದು ನಗಬಾರದು. ಸೊನ್ನೆಗೂ ಕಾಲಿಗೂ ಇರುವ ಅಂತರ ಕಾಲಿಗೂ ಒಂದಕ್ಕೂ ಇರುವ ಅಂತರಕ್ಕಿಂತ ದೊಡ್ಡದು. ಆದರೆ ಧಾರವಾಡ, ಬಳ್ಳಾರಿ, ಕಲಬುರಗಿ, ಮಂಗಳೂರುಗಳ ಹೆಣ್ಣುಮಕ್ಕಳಿಗೆ ಇದು ಸಂಬಂಧಿಸಿರಲಿಲ್ಲ. ಅವರು ಬೇರೆ ಬೇರೆ ಆಳ್ವಿಕೆಯಲ್ಲಿದ್ದರು.

ದೇಶಕ್ಕೆಲ್ಲ ಒಂದು ಕಾನೂನು ಬೇಕೆಂದು 1940ರ ದಶಕದಲ್ಲಿ ಕೆಲಸ ಮಾಡಿದ ಹಿಂದೂ ಕಾನೂನು ಸಮಿತಿಯ ಅಧ್ಯಕ್ಷರು ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗರಾಯರು. ಹುಟ್ಟಿನಿಂದ ಬರುವ ಗಂಡುಮಕ್ಕಳ ಹಕ್ಕನ್ನೇ ತೆಗೆದುಹಾಕುವಂತೆ ಆ ಸಮಿತಿ ಸಲಹೆ ಮಾಡಿತು. ಕಾನೂನು ಮಂತ್ರಿಗಳಾಗಿದ್ದ ಡಾಕ್ಟರ್ ಅಂಬೇಡ್ಕರರು ಹಿಂದೂ ಸಂಹಿತೆಯ ಮಸೂದೆಗಾಗಿ ಹೆಣಗಿದರು. ಅದು ನೆನೆಗುದಿಗೆ ಬಿದ್ದದ್ದು 1951ರಲ್ಲಿ ಅವರು ರಾಜೀನಾಮೆ ಕೊಟ್ಟ ಕಾರಣಗಳಲ್ಲಿ ಒಂದು. ಕೊನೆಗೆ 1956ರಲ್ಲಿ ಬಂದ ಉತ್ತರಾಧಿಕಾರದ ಕಾನೂನು ಹೆಣ್ಣಿನ ಕೈಯಲ್ಲಿದ್ದ ಆಸ್ತಿಯನ್ನು ಸಂಪೂರ್ಣವಾಗಿ ಅವಳದೇ ಎಂದಿತು. ಅಷ್ಟರ ಮಟ್ಟಿಗೆ ವಿಜ್ಞಾನೇಶ್ವರನ 'ಮುಂತಾದ' ಮತ್ತೆ ಬದುಕಿತು. ಆದರೆ ಪಿತ್ರಾರ್ಜಿತದ ಜನ್ಮಹಕ್ಕು ಗಂಡುಮಕ್ಕಳಲ್ಲಿಯೇ ಉಳಿಯಿತು.

ಇದರ ಫಲವೇನೆಂಬುದನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಒಂದು ಮನೆಗೆ ಒಂಬತ್ತು ಎಕರೆ ಪಿತ್ರಾರ್ಜಿತ ಹೊಲ. ತಂದೆ, ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು. ತಾಯಿ ಮೊದಲೇ ತೀರಿಹೋಗಿದ್ದಾಳೆ. ತಂದೆ ಸತ್ತಾಗ ಮೊದಲು ತಂದೆಗೂ ಇಬ್ಬರು ಗಂಡುಮಕ್ಕಳಿಗೂ ಮೂರು ಮೂರು ಎಕರೆ ಎಂದು ಭಾವಿಸಬೇಕು. ಆಮೇಲೆ ತಂದೆಯ ಮೂರು ಎಕರೆಯನ್ನು ಮಾತ್ರ ಮೂವರು ಮಕ್ಕಳಿಗೆ ಸಮನಾಗಿ ಹಂಚಬೇಕು. ಗಂಡುಮಕ್ಕಳಿಗೆ ನಾಲ್ಕು ನಾಲ್ಕು ಎಕರೆ, ಮಗಳಿಗೆ ಒಂದು. ಇದು ಸಮಾನತೆಯ ಸಂವಿಧಾನ ಬಂದ ಆರು ವರ್ಷಗಳ ಮೇಲೆ ಮಾಡಿದ ಲೆಕ್ಕ.

1974ರ ಮಾರ್ಚ್ 1ರಂದು ಕರ್ನಾಟಕದಲ್ಲಿ ದೇವರಾಜ ಅರಸರ ಸರ್ಕಾರದ ಭೂಸುಧಾರಣೆ ಜಾರಿಗೆ ಬಂದಿತು. ಉಳುವವನೇ ಹೊಲದೊಡೆಯನಾದ. ಇದು ಸಾಮಾನ್ಯವಾದ ಕೆಲಸವಲ್ಲ. 7ನೇ ನಮೂನೆಯ ಅರ್ಜಿ ಹಿಡಿದು ತಾಲ್ಲೂಕು ಕಚೇರಿಗೆ ನಡೆದ ಗೇಣಿದಾರರ ಮುಖಗಳನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆದರೆ ಕನ್ನಡದ ಅಧ್ಯಾಪಕನಾಗಿ ನನಗೆ ಆ ಘೋಷಣೆಯ ಲಿಂಗ ಇಂದಿಗೂ ಚುಚ್ಚುತ್ತದೆ. ಉಳುವವನು. ನೇಗಿಲು ಹಿಡಿಯುವುದು ಗಂಡಸು, ಅದು ನಿಜ. ಬಿತ್ತುವಾಗ ಬೀಜ ಬಿಡುವವಳು, ಕಳೆ ಕೀಳುವವಳು, ನಾಟಿ ಹಾಕುವವಳು, ಕೊಯ್ಯುವವಳು, ಕೇರುವವಳು ಉಳುವವರಲ್ಲವೆ? ಒಡೆತನದ ಪತ್ರ ಬಂದದ್ದು ಸಾಮಾನ್ಯವಾಗಿ ಮನೆಯ ಗಂಡಸಿನ ಹೆಸರಿಗೆ. ಭೂಮಿಯ ಮಿತಿಯನ್ನು ಲೆಕ್ಕ ಹಾಕುವಾಗ ಕುಟುಂಬವೆಂದರೇನೆಂದು ಕಾನೂನು ವಿವರಿಸಿದ ರೀತಿಯೂ ವಿಚಿತ್ರವಾದದ್ದು: ಗಂಡ, ಹೆಂಡತಿ, ಅಪ್ರಾಪ್ತ ವಯಸ್ಸಿನ ಗಂಡುಮಕ್ಕಳು ಮತ್ತು ಮದುವೆಯಾಗದ ಹೆಣ್ಣುಮಕ್ಕಳು. ಪ್ರಾಪ್ತ ವಯಸ್ಸಿನ ಮಗ ಆ ಲೆಕ್ಕದಿಂದ ಹೊರಗೆ ಬರುತ್ತಾನೆ. ಮದುವೆಯಾಗದ ಮಗಳು ಮೂವತ್ತು ದಾಟಿದರೂ ತಂದೆಯ ಲೆಕ್ಕದೊಳಗೆ. ಹಂಚುವ ಭೂಮಿಯನ್ನು ಗಂಡಹೆಂಡಿರ ಜಂಟಿ ಹೆಸರಿಗೆ ಕೊಡಬೇಕೆಂಬ ಮಾತು ಆರನೆಯ ಪಂಚವಾರ್ಷಿಕ ಯೋಜನೆಯ ಕಡತದಲ್ಲಿ ಬಂದಿತು. ಆ ವೇಳೆಗೆ ನಮ್ಮಲ್ಲಿ ಅರ್ಜಿ ಹಾಕುವ ಗಡುವು ಮುಗಿದಿತ್ತು.

ಪಹಣಿಯಲ್ಲಿ ಹೆಸರಿಲ್ಲದಿದ್ದರೆ ಏನಾಗುತ್ತದೆ, ಹೇಗೂ ಎಲ್ಲರೂ ಒಂದೇ ಮನೆಯಲ್ಲಿ ಉಣ್ಣುವವರಲ್ಲವೆ ಎಂದು ಕೇಳುವವರಿದ್ದಾರೆ. ಸಹಕಾರ ಸಂಘದಲ್ಲಿ ಬೆಳೆಸಾಲ ಕೊಡುವುದು ಪಹಣಿ ನೋಡಿ. ಬರ ಬಿದ್ದರೆ ಪರಿಹಾರ ಬರುವುದು ಪಹಣಿಯಲ್ಲಿ ಹೆಸರಿದ್ದವರಿಗೆ. 2019ರಲ್ಲಿ ಕೇಂದ್ರ ಸರ್ಕಾರ ರೈತ ಕುಟುಂಬಗಳಿಗೆ ವರ್ಷಕ್ಕೆ 6,000 ರೂಪಾಯಿ ಕೊಡಲು ಆರಂಭಿಸಿದಾಗಲೂ ನೋಡಿದ್ದು ಭೂದಾಖಲೆಯನ್ನೇ. ಗಂಡ ಸತ್ತ ಮೇಲೆ ಪೌತಿ ಖಾತೆಗಾಗಿ ನಾಡಕಚೇರಿಯ ಮೆಟ್ಟಿಲ ಮೇಲೆ ಕುಳಿತಿರುವ ಹೆಂಗಸನ್ನು ಕೇಳಿನೋಡಿ. ಮೂವತ್ತು ವರ್ಷ ತಾನು ಕಳೆ ಕಿತ್ತ ಹೊಲ ತನ್ನದೆಂದು ಅವಳು ಕಾಗದದಿಂದ ರುಜುವಾತು ಮಾಡಬೇಕು. 1974–75ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ನಮ್ಮಲ್ಲಿ ಹಾಲಿನ ಸಹಕಾರ ಸಂಘಗಳು ಹಬ್ಬಿದಾಗ, ಹುಲ್ಲು ತಂದು, ಕೊಟ್ಟಿಗೆ ಬಾಚಿ, ಹಾಲು ಕರೆದವಳು ಹೆಂಗಸು. ನಮ್ಮ ಊರಿನ ಸಂಘದ ಸದಸ್ಯರ ಪಟ್ಟಿಯಲ್ಲಿದ್ದವರು ಗಂಡಸರು. ಹೆಂಗಸರದೇ ಸಂಘಗಳು ಬಂದದ್ದು ತಡವಾಗಿ, 1980ರ ದಶಕದ ಕೊನೆಯಿಂದೀಚೆಗೆ.

ಸಿರಿ ಬಂದರೆ ಎಲ್ಲ ಸರಿಹೋಗುವುದೆಂಬ ಮಾತಿಗೆ ಮಂಡ್ಯದ ಸೀಮೆಯೇ ಉತ್ತರ. ಕನ್ನಂಬಾಡಿಯ ನಾಲೆ ಬಂದು, 1933ರಲ್ಲಿ ಸಕ್ಕರೆ ಕಂಪನಿ ಸ್ಥಾಪನೆಯಾಗಿ, ಒಣ ಬೇಸಾಯದ ನಾಡು ಕಬ್ಬಿನ ನಾಡಾಯಿತು. ಹಳೆಯ ಮೈಸೂರಿನ ಬೇಸಾಯಗಾರ ಜಾತಿಗಳಲ್ಲಿ ಮದುವೆಯಾಗುವಾಗ ಗಂಡಿನ ಕಡೆಯವರು ಹೆಣ್ಣಿನ ಮನೆಗೆ 'ತೆರ' ಕೊಡುವುದು ವಾಡಿಕೆಯಾಗಿತ್ತು. ತೆರು ಎಂಬ ಧಾತುವಿನಿಂದ ಬಂದ ಪದ ಅದು, ತೆರಿಗೆಯೂ ಅಲ್ಲಿಂದಲೇ. ಹೆಣ್ಣಿಗೆ ಬೆಲೆ ಕಟ್ಟುವುದನ್ನು ನಾನು ಹೊಗಳುತ್ತಿಲ್ಲ. ಆದರೆ ದುಡಿಯುವ ಒಂದು ಜೀವ ಮನೆಬಿಟ್ಟು ಹೋಗುತ್ತಿದೆ, ಅದಕ್ಕೆ ಬೆಲೆಯುಂಟು ಎಂಬ ಒಪ್ಪಿಗೆ ಆ ಪದದಲ್ಲಿತ್ತು. ಹಣ ಕಂಡ ಮನೆಗಳು ಹೆಂಗಸರನ್ನು ಹೊಲದಿಂದ ಮನೆಯೊಳಕ್ಕೆ ಕರೆದುಕೊಂಡು ಅದನ್ನೇ ಅಂತಸ್ತೆಂದು ತಿಳಿದದ್ದನ್ನೂ, ತೆರ ಹಿಂದೆ ಸರಿದು ವರದಕ್ಷಿಣೆ ಮುಂದೆ ಬಂದದ್ದನ್ನೂ ಮೈಸೂರಿನವರೇ ಆದ ಎಂ. ಎನ್. ಶ್ರೀನಿವಾಸರು 1970–80ರ ದಶಕಗಳ ತಮ್ಮ ಲೇಖನಗಳಲ್ಲಿ ಗುರುತಿಸಿದ್ದಾರೆ. 1961ರಲ್ಲಿಯೇ ವರದಕ್ಷಿಣೆ ನಿಷೇಧದ ಕಾನೂನು ಬಂದಿತ್ತು. ತೆರ ಕಾನೂನಿಲ್ಲದೆಯೇ ಸತ್ತಿತು. ವರದಕ್ಷಿಣೆ ಕಾನೂನಿದ್ದೂ ಬೆಳೆಯಿತು.

ಆಂಧ್ರ ಮತ್ತು ತಮಿಳುನಾಡಿನ ದಾರಿ ಹಿಡಿದು ಕರ್ನಾಟಕವೂ ಮಗಳಿಗೆ ಜನ್ಮಹಕ್ಕು ಕೊಡುವ ತಿದ್ದುಪಡಿಯನ್ನು ಮಾಡಿತು. 1994ರ ಜುಲೈ 30ರಿಂದ ಅದು ಜಾರಿಗೆ ಬಂದಿತು. ಆ ದಿನಕ್ಕೆ ಮುಂಚೆ ಮದುವೆಯಾದವಳಿಗೆ ಮಾತ್ರ ಹಕ್ಕಿಲ್ಲ. ಇಡೀ ದೇಶಕ್ಕೆ ಅನ್ವಯಿಸುವ, ಮದುವೆಯ ಈ ಗೆರೆಯಿಲ್ಲದ ಕಾನೂನು ಬಂದದ್ದು 2005ರ ಸೆಪ್ಟೆಂಬರ್ 9ರಂದು. ತಂದೆ ಆ ದಿನ ಬದುಕಿರಬೇಕೆ ಎಂಬ ಜಿಜ್ಞಾಸೆ ಇನ್ನೂ ಹದಿನೈದು ವರ್ಷ ನಡೆದು, ಬೇಕಿಲ್ಲವೆಂದು 2020ರಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿತು. ಕರ್ನಾಟಕ ಮತ್ತು ಮಹಾರಾಷ್ಟ್ರದ 1994ರ ತಿದ್ದುಪಡಿಗಳ ಫಲವನ್ನು ಪರಿಶೀಲಿಸಿ 2013ರಲ್ಲಿ ಪ್ರಕಟವಾದ ಒಂದು ಅಧ್ಯಯನ, ಹೆಣ್ಣುಮಕ್ಕಳಿಗೆ ಹೊಲ ಬರುವುದು ನಿಶ್ಚಯವಾಗಿ ಹೆಚ್ಚಿದೆ, ಅವರ ಓದೂ ಹೆಚ್ಚಿದೆ, ಆದರೆ ಗಂಡುಮಕ್ಕಳ ಸಮಕ್ಕೆ ಬಂದಿಲ್ಲ ಎಂದು ಕಂಡುಕೊಂಡಿತು. 2015–16ರ ಕೃಷಿಗಣತಿಯಲ್ಲಿ ದೇಶದ ಸಾಗುವಳಿದಾರರಲ್ಲಿ ಹೆಂಗಸರು ನೂರಕ್ಕೆ ಸುಮಾರು 14. ಕಾನೂನು ಬಂದ ಮೇಲೂ ಏಕೆ ಹೀಗೆ? ಇದಕ್ಕೆ ಉತ್ತರವನ್ನು ನಾನು ಪುಸ್ತಕದಲ್ಲಿ ಹುಡುಕಬೇಕಿಲ್ಲ.

ಮೇಲೆ ಹೇಳಿದ ಒಂಬತ್ತು ಎಕರೆಯ ಮನೆ ನಮ್ಮದೇ. ಗಂಡುಮಕ್ಕಳು ನಾನು ಮತ್ತು ನನ್ನ ತಮ್ಮ. ನನ್ನ ಅಕ್ಕ ಏಳನೆಯ ತರಗತಿಗೆ ಶಾಲೆ ಬಿಟ್ಟು ಹೊಲಕ್ಕಿಳಿದಳು; ನಾನು ತುಮಕೂರಿಗೆ, ಆಮೇಲೆ ಮೈಸೂರಿಗೆ ಓದಲು ಹೋದೆ. 1974ರಲ್ಲಿ, ಹದಿನೆಂಟನೆಯ ವಯಸ್ಸಿಗೆ ಅವಳ ಮದುವೆಯಾಯಿತು. 1998ರಲ್ಲಿ ತಂದೆ ತೀರಿಕೊಂಡರು. ಅವಳಿಗೆ ಬರಬೇಕಾದದ್ದು ಒಂದು ಎಕರೆ. ಕ್ರಿಯಾಕರ್ಮಗಳು ಮುಗಿದ ತಿಂಗಳಲ್ಲಿಯೇ ನಾವಿಬ್ಬರೂ ಅವಳನ್ನು ಉಪನೋಂದಣಾಧಿಕಾರಿಯ ಕಚೇರಿಗೆ ಕರೆದುಕೊಂಡು ಹೋಗಿ ಹಕ್ಕು ಖುಲಾಸೆ ಪತ್ರಕ್ಕೆ ಸಹಿ ಹಾಕಿಸಿದೆವು. ಯಾರೂ ಬಲವಂತ ಮಾಡಲಿಲ್ಲ. ಯಾರೂ ಅವಳನ್ನು ಕೇಳಲೂ ಇಲ್ಲ. ಪಾಲು ಕೇಳಿದ ಹೆಣ್ಣಿಗೆ ತವರಿನ ಬಾಗಿಲು ಮುಚ್ಚುತ್ತದೆಂದು ಅವಳಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು. ಒಂದು ರೇಷ್ಮೆ ಸೀರೆ, ಅರಿಶಿನ ಕುಂಕುಮ ಕೊಟ್ಟೆವು. ಸಹಿ ಹಾಕಲು ನನ್ನ ಪೆನ್ನನ್ನೇ ಕೊಟ್ಟದ್ದು. ಆ ವರ್ಷ ನಾನು ಎಂ.ಎ. ತರಗತಿಗೆ ವಿಜ್ಞಾನೇಶ್ವರನ ಸ್ತ್ರೀಧನದ ವ್ಯಾಖ್ಯಾನವನ್ನು ವಿವರಿಸಿ, ಮೆಚ್ಚುಗೆಯನ್ನೂ ಪಡೆದಿದ್ದೆ.

2004ರ ಡಿಸೆಂಬರ್ 20ಕ್ಕೆ ಮುಂಚೆ ಆಗಿಹೋದ ವಿಲೇವಾರಿ, ವಿಭಾಗಗಳನ್ನು 2005ರ ಕಾನೂನು ಮುಟ್ಟುವುದಿಲ್ಲ. ಆದ್ದರಿಂದ ನಮ್ಮ ಪತ್ರ ಕಾನೂನಿನ ಕಣ್ಣಿಗೆ ಇಂದಿಗೂ ಶುದ್ಧವಾಗಿದೆ. ಪಹಣಿಯಲ್ಲಿ ಎರಡು ಹೆಸರುಗಳಿವೆ.

ಈ ಭಾಷಣವನ್ನು ಸಿದ್ಧಪಡಿಸುವಾಗ ಅಕ್ಕನಿಗೆ ಫೋನು ಮಾಡಿ, ಅಂದಿನದು ಏನಾದರೂ ಜ್ಞಾಪಕವಿದೆಯೇ ಎಂದು ಕೇಳಿದೆ. 'ಜ್ಞಾಪಕ ಏನು ಕಣೋ, ಬಿಸಿಲು ಅಂದ್ರೆ ಬಿಸಿಲು ಅವತ್ತು. ನೀನು ಎಳನೀರು ಕೊಡಿಸಿದ್ದೆ' ಎಂದಳು. ನಾನು ತಡವರಿಸುತ್ತ ಏನೋ ಹೇಳಹೊರಟೆ. ಅವಳು ಅದನ್ನು ಕೇಳಿಸಿಕೊಳ್ಳಲಿಲ್ಲ. 'ಅದಿರಲಿ, ಬಾವಿ ಹೊಲಕ್ಕೆ ಈ ವರ್ಷ ಏನು ಹಾಕಿದೀರಿ? ಆ ಮೂಡಲ ಬದುವಿನ ಹತ್ರ ಗರಿಕೆ ಜಾಸ್ತಿ, ನೋಡ್ಕೊಳ್ಳೋಕೆ ಹೇಳು' ಎಂದಳು.